ಸ್ಲ್ಯಾಬಿನ ಹಾಡಿನ ನಾಲ್ಕು ಸಾಲು

ಶಿವಕುಮಾರಿಯ ಅಜ್ಜನ ಅಪ್ಪ ಬಂಡೆಪ್ಪ ಇಂಡಿ ಕಡೆಯವನು. ಮುಂಬೈಗೆ ಬಂದಾಗ ಅವನ ಹತ್ತಿರ ಇದ್ದದ್ದು ಒಂದು ಕಂಬಳಿ, ಒಂದು ಸುತ್ತಿಗೆ, ಯಾರೆದುರೂ ಬಗ್ಗದ ಕುತ್ತಿಗೆ. ವಿಕ್ರೋಳಿಯ ಗುಡ್ಡದ ಕಲ್ಲು ಒಡೆದೊಡೆದು ಅವನ ಅಂಗೈ ಕೊರಡಾಗಿತ್ತು. ಒಮ್ಮೆ ಕೆಲಸ ಮಾಡಿಸುವ ಮುಕಾದಮ ಹೆಣ್ಣಾಳುಗಳಿಗೆ ಕುಡಿಯುವ ನೀರು ಕೊಡದೆ ಸತಾಯಿಸಿದಾಗ ಬಂಡೆಪ್ಪ ಲಾರಿಯ ಗಾಲಿಯ ಮುಂದೆ ಅಡ್ಡ ಮಲಗಿಬಿಟ್ಟ. ನೀರಿನ ಪೀಪಾಯಿ ಬರುವತನಕ ಏಳಲಿಲ್ಲ. ಅವನ ಮಗ ಶೆಟ್ಟೆಪ್ಪ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಂಗಡಿಯ ಬೋರ್ಡು, ಗೋಡೆಗೆ ಅಂಟಿಸಿದ ಪೋಸ್ಟರು ನೋಡಿ ನೋಡಿಯೇ ಅಕ್ಷರ ಕೂಡಿಸಿಕೊಂಡು, ಕೊನೆಗೆ ಇಡೀ ಚಾಳಿನವರಿಗೆ ಊರಿನಿಂದ ಬಂದ ಪತ್ರಗಳನ್ನು ಭಾನುವಾರ ಕೂತು ಓದಿ ಹೇಳುವಷ್ಟಾದ. ಅವನ ಹೆಂಡತಿ ಸುಂದ್ರವ್ವ. ಅವಳು ಹಾಡುವವಳು. ಹಾಡಿದ್ದು ಸ್ಲ್ಯಾಬಿನ ಮೇಲೆ.

ಸ್ಲ್ಯಾಬ್ ಹಾಕಲು ಕೈಹಚ್ಚಿದರೆ ನಡುವೆ ನಿಲ್ಲಿಸುವಂತಿಲ್ಲ. ಅರ್ಧಕ್ಕೆ ಬಿಟ್ಟು ಮರುದಿನ ಹಸಿ ಕಾಂಕ್ರೀಟು ಸುರಿದರೆ ಎರಡೂ ಕೂಡುವುದಿಲ್ಲ, ಮಳೆ ಬಿದ್ದರೆ ಅಲ್ಲೇ ಸೋರುತ್ತದೆ. ಮಷಿನ್ನು ಬರುವ ಮೊದಲು ಹೆಂಗಸರು ಏಣಿಯುದ್ದಕ್ಕೂ ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಘಮೇಲಾ ಎಂಬ ಕಬ್ಬಿಣದ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕೈ ನಿಲ್ಲಬಾರದು ಎಂದರೆ ಹಾಡೂ ನಿಲ್ಲಬಾರದು. ಹಾಡುವವಳಿಗೆ ಮುಂದಿನ ಸಾಲು ಮರೆತರೆ, ಅವಳ ಮೇಲಿನ ಮೆಟ್ಟಿಲಿನವಳು ತನ್ನ ಹೊಟ್ಟೆಯಿಂದ ಒಂದು ಸಾಲು ತೆಗೆದು ಸೇರಿಸಿ ಮುಂದೆ ಸಾಗಿಸುತ್ತಿದ್ದಳು. ಇದು ಯಾರು ಕಟ್ಟಿದ್ದು ಎಂದು ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ. ಈ ರೂಢಿ ಮನೆಗೂ ಬಂತು. ಒಲೆಯ ಮುಂದೆ ಸುಂದ್ರವ್ವ ಹಾಡುತ್ತ ತಡವರಿಸಿದರೆ, ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದ ಮೊಮ್ಮಗಳು ತಲೆ ಎತ್ತದೆ ಸಾಲು ಸೇರಿಸುತ್ತಿದ್ದಳು. ಉಸಿರಾಡಿದಷ್ಟು ಸಹಜ.

ಆ ಮೊಮ್ಮಗಳು ಶಿವಕುಮಾರಿಗೆ ಈಗ ಇಪ್ಪತ್ತಾರು. ಎಂ.ಎ.ಯ ಪ್ರಬಂಧ ಬಾಕಿ ಇರುವಾಗಲೇ ಮೇಷ್ಟ್ರ ತರಬೇತಿಗೂ ಸೇರಿ ಎರಡು ದೋಣಿಯಲ್ಲಿ ಕಾಲಿಟ್ಟಿದ್ದಳು. ಪ್ರಬಂಧದ ವಿಷಯ ಅಜ್ಜಿಯ ಸ್ಲ್ಯಾಬಿನ ಹಾಡುಗಳು. ಸೋಮವಾರದೊಳಗೆ ಅದನ್ನು ಒಪ್ಪಿಸಬೇಕು, ತಪ್ಪಿದರೆ ಒಂದು ವರ್ಷ ಹೋಯಿತು. ವರ್ಷದ ಜೊತೆಗೆ ಇನ್ನೊಂದೂ ಹೋಗುವುದಿತ್ತು. ಅವಳು ಅಭ್ಯಾಸ ಪಾಠ ಮಾಡುತ್ತಿದ್ದ ಕಾಂದಿವಲಿಯ ಕನ್ನಡ ಶಾಲೆಯಲ್ಲಿ ಹಳೆಯ ಟೀಚರು ಜೂನ್‌ನಲ್ಲಿ ನಿವೃತ್ತರಾಗುವವರು. "ಎಂ.ಎ. ಕೈಯಲ್ಲಿ ಹಿಡಿದು ಬಾ, ಆ ಕುರ್ಚಿ ನಿನಗೇ" ಎಂದು ಮುಖ್ಯೋಪಾಧ್ಯಾಯಿನಿ ಬಾಯಿಬಿಟ್ಟು ಹೇಳಿದ್ದರು.

ಅಂದು ಗುರುವಾರ. ಬೆಳಿಗ್ಗೆ ಐದಕ್ಕೆ ಎದ್ದು ನೀರು ತುಂಬಿ, ವಿಕ್ರೋಳಿಯಿಂದ ದಾದರ್, ದಾದರಿನ ಸೇತುವೆ ಹತ್ತಿ ಇಳಿದು ಇನ್ನೊಂದು ಲೋಕಲ್, ಕಾಂದಿವಲಿ ಮುಟ್ಟುವಷ್ಟರಲ್ಲಿ ಮೈ ಹಣ್ಣಾಗಿತ್ತು. ಆರನೇ ಕ್ಲಾಸಿನ ಪಾಠ. ಹಿಂದಿನ ಬೆಂಚಿನಲ್ಲಿ ತರಬೇತಿ ಕಾಲೇಜಿನ ಸುಭಾಷ ಸರ್ ಪಾಠ ನೋಡಿ ಅಭಿಪ್ರಾಯ ಬರೆಯಲು ಕೂತಿದ್ದರು.

"ಯಕ್ಷಿತಾ, ಕತೆಯ ಮುದುಕಿ ಬಾಗಿಲು ಯಾಕೆ ತೆಗೆಯಲಿಲ್ಲ?"

ಯಕ್ಷಿತಾ ಎದ್ದು ನಿಂತಳು. "ಟೀಚರ್, ಅವಳಿಗೆ... ವೋ... ಹೊರಗೆ ಇದ್ದವರು..."

"ಹೊರಗಿದ್ದವರು ಯಾರೋ ಗೊತ್ತಿರಲಿಲ್ಲ, ಹೆದರಿಕೆಯಾಯಿತು. ಅಲ್ವಾ?"

"ಹಾಂ ಟೀಚರ್." ಹುಡುಗಿ ಬದುಕಿದೆನೆಂದು ಕೂತಳು.

ಪಾಠ ಮುಗಿದ ಮೇಲೆ ಸುಭಾಷ ಸರ್ ಪೆನ್ನಿನ ಮುಚ್ಚಳ ಹಾಕುತ್ತ ನಕ್ಕರು. "ಪ್ರಶ್ನೆಗಳು ಬಹಳ ಚೆನ್ನಾಗಿದ್ದವು. ಉತ್ತರವೂ ಎಲ್ಲಾ ನಿಮ್ಮದೇ! ಮಕ್ಕಳು ಬಂದದ್ದು ಹಾಜರಿಗೋ ಹೇಗೆ?" ವಹಿಯಲ್ಲೂ ಅದನ್ನೇ ಗಂಭೀರವಾಗಿ ಬರೆದಿದ್ದರು. ಶಿವಕುಮಾರಿಗೆ ಬೇಸರಪಡುವಷ್ಟೂ ತ್ರಾಣವಿರಲಿಲ್ಲ. ಸಹಿ ಹಾಕಿಸಿಕೊಂಡು, ಡಬ್ಬಿಯ ತಣ್ಣನೆ ರೊಟ್ಟಿ ನಿಂತೇ ತಿಂದು ಬೊರಿವಲಿಯ ಗಾಡಿ ಹತ್ತಿದಳು.

ಬೊರಿವಲಿಯಲ್ಲಿ ಅನುರಾಧಾ ಮೇಡಂ ಅವರ ಮನೆ. ಪ್ರಬಂಧಕ್ಕೆ ಮಾರ್ಗದರ್ಶಕರು ಅವರೇ. ಉಡುಪಿ ಕಡೆಯ ಹೋಟೆಲಿನವರ ಮನೆಮಗಳು. ಕಾಲು ಮುರಿದುಕೊಂಡು ರಜೆಯಲ್ಲಿದ್ದರು. ಕಾಲಿಗೆ ಪಟ್ಟಿ, ತೊಡೆಯ ಮೇಲೆ ಶಿವಕುಮಾರಿಯ ಪ್ರಬಂಧದ ಕಟ್ಟು, ಕಿವಿಯ ಹಿಂದೆ ಪೆನ್ಸಿಲ್.

"ಬಾ ಮಾರಾಯ್ತಿ, ಕೂತುಕೋ. ಮುಖ ನೋಡಿದರೆ ಕಾಲು ಮುರಿದದ್ದು ನಿನಗೋ ನನಗೋ ಗೊತ್ತಾಗುವುದಿಲ್ಲ. ಮೊದಲು ಚಾ ಕುಡಿ."

ಮೊದಲ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನ ಗೀಟುಗಳು ಇರುವೆಯ ಸಾಲಿನಂತೆ ಹರಿದಿದ್ದವು. ಇಲ್ಲಿ ಆಧಾರ ಕೊಡು, ಇದು ಎರಡು ಸಲ ಬಂದಿದೆ, ಈ ಮಾತು ಪುಸ್ತಕದ್ದು, ನಿನ್ನದು ಹೇಳು. ಶಿವಕುಮಾರಿ ಎಲ್ಲಕ್ಕೂ ತಲೆಯಾಡಿಸಿದಳು. ಮೂರನೇ ಅಧ್ಯಾಯ ಬಂದಾಗ ಮೇಡಂ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

"ಏಳು ಮಾಳಿಗಿ ಏರಿ ಏಳು ಸಲ ಇಳದೀನ
ತಲಿಮ್ಯಾಲ ಹೊತ್ತೀನ ಪರರ ಮನಿಯ
ದೀಪಾ ಹಚ್ಚಿದ ದಿನ ಹೊಸ್ತಿಲಾಗ ನಿಂತೇನ
ಒಳಗ ಬಾ ಅನ್ನವರು ಯಾರವ್ವ"

"ಇಡೀ ಪ್ರಬಂಧದಲ್ಲಿ ಇಷ್ಟು ಚೆಂದದ ಸಾಲು ಇನ್ನೊಂದಿಲ್ಲ" ಎಂದರು. "ನಿನ್ನ ಕೊನೆಯ ಅಧ್ಯಾಯ ಪೂರ್ತಿ ಇದರ ಮೇಲೇ ನಿಂತಿದೆ. ತಾವು ಕಟ್ಟಿದ ಮನೆಯೊಳಗೆ ತಮಗೇ ಜಾಗವಿಲ್ಲ ಎಂಬ ಈ ಹೆಂಗಸರ ನೋವು. ಒಳ್ಳೆಯದೇ. ಆದರೆ ನೀನು ಕೊಟ್ಟ ರೆಕಾರ್ಡಿಂಗ್ ಮೂರು ಸಲ ಕೇಳಿದೆ. ಅಜ್ಜಿ ಕೆಮ್ಮಿದ್ದು ಕೇಳಿತು, ಕುಕ್ಕರ್ ಸೀಟಿ ಹೊಡೆದದ್ದು ಕೇಳಿತು. ಈ ನಾಲ್ಕು ಸಾಲು ಮಾತ್ರ ಎಲ್ಲೂ ಕೇಳಲಿಲ್ಲ. ಯಾರು ಹಾಡಿದ್ದು?"

ಶಿವಕುಮಾರಿಗೆ ಆಗ ನೆನಪಾಯಿತು. ರೆಕಾರ್ಡಿಂಗಿನಲ್ಲಿ ಅಜ್ಜಿ "ಮುಂದಿಂದು ನೆಪ್ಪಿಲ್ಲ ಬಿಡವಾ" ಎಂದು ನಿಲ್ಲಿಸಿದ್ದಳು. ಅದನ್ನು ಕೇಳುತ್ತ ಟೈಪ್ ಮಾಡುತ್ತಿದ್ದವಳ ಕೈ ನಿಂತಿರಲಿಲ್ಲ. ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಹಾಡು ಅರ್ಧಕ್ಕೆ ನಿಂತರೆ ತುಂಬಬೇಕು, ತುಂಬಿದ್ದಳು. ಆಮೇಲೆ ತಿಂಗಳುಗಟ್ಟಲೆ ಅದನ್ನೇ ಓದಿ ಓದಿ, ಅದರ ಮೇಲೆ ಇಪ್ಪತ್ತು ಪುಟ ಬರೆದು, ಅದು ಅಜ್ಜಿಯದೇ ಎಂದು ತಾನೂ ನಂಬಿಬಿಟ್ಟಿದ್ದಳು.

"ನಾನೇ, ಮೇಡಂ" ಎಂದಳು. ಅಜ್ಜಿಯ ಕಾಲದ ರೂಢಿಯನ್ನೂ ಹೇಳಿದಳು.

ಮೇಡಂ ಕನ್ನಡಕ ತೆಗೆದು ಕಟ್ಟಿನ ಮೇಲಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. "ಏಣಿಯ ಮೇಲೆ ಅದು ರೂಢಿ. ಪ್ರಬಂಧದಲ್ಲಿ ನೀನು ಏಣಿಯ ಮೇಲಿಲ್ಲವಲ್ಲ" ಎಂದರು. "ಈ ಸಾಲು ತೆಗೆದರೆ ಕೊನೆಯ ಅಧ್ಯಾಯ ಕುಸಿಯುತ್ತದೆ, ಹೊಸದಾಗಿ ಬರೆಯಬೇಕು. ನಾಳೆ, ನಾಡಿದ್ದು ನಿನಗೆ ಪಾಠ ಬೇರೆ ಇದೆ. ಸೋಮವಾರಕ್ಕೆ ಆಗುವುದು ಕಷ್ಟ." ಪೆನ್ಸಿಲನ್ನು ಬೆರಳಲ್ಲಿ ಹೊರಳಿಸಿ, ಕಿಟಕಿ ಕಡೆ ನೋಡುತ್ತ ಸೇರಿಸಿದರು. "ಅಜ್ಜಿಗೆ ಈಗೇನಾದರೂ ನೆನಪಾಗಿ ಹಾಡಿದರೆ ರೆಕಾರ್ಡ್ ಮಾಡಿಕೊಂಡು ಬಾ. ಅದು ಎಲ್ಲಿಂದ ಬಂತು ಎಂದು ನಾನು ಮತ್ತೆ ಕೇಳುವುದಿಲ್ಲ."

ಬೊರಿವಲಿಯಿಂದ ವಿಕ್ರೋಳಿಯವರೆಗೆ ಶಿವಕುಮಾರಿಗೆ ಕೂರಲು ಜಾಗ ಸಿಗಲಿಲ್ಲ. ಬ್ಯಾಗು ಎದೆಗೆ ಒತ್ತಿಕೊಂಡು, ಹಿಂದಿನವಳ ಮೊಣಕೈ ಬೆನ್ನಿಗೆ ತಾಗಿಸಿಕೊಂಡು ನಿಂತೇ ಬಂದಳು. ಯೋಚಿಸಲೂ ಆಗದಷ್ಟು ದಣಿವು. ಜೂನ್‌ನ ಕುರ್ಚಿಯೊಂದು ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದಾಗ ಸುಂದ್ರವ್ವ ಬಾಗಿಲಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು.

"ಏನವಾ, ಮಾರಿ ಹಿಂಗ ಬಾಡೇತಿ? ಬೈದರೇನ ನಿಮ್ಮ ಮೇಡಂ?"

"ಬೈಲಿಲ್ಲ ಆಯಿ. ಹೊಗಳಿದ್ರು." ಚಪ್ಪಲಿಯನ್ನೂ ಬಿಚ್ಚದೆ ಹೊಸ್ತಿಲಲ್ಲೇ ಕೂತು ಶಿವಕುಮಾರಿ ಎಲ್ಲ ಹೇಳಿದಳು. ನಾಲ್ಕು ಸಾಲು ಓದಿಯೂ ತೋರಿಸಿದಳು.

ಸುಂದ್ರವ್ವನ ಮುಖ ಅರಳಿತು. "ಅಯ್ಯ, ಚೊಲೊ ಕಟ್ಟೀಯಲ್ಲ! ನನಕಿಂತ ಚೊಲೊ."

"ನಿಮಗ ಹಂಗ ಅನಿಸ್ತಿತ್ತೇನ ಆಯಿ? ಒಳಗ ಬಾ ಅನ್ನವರು ಇಲ್ಲ ಅಂತ?"

"ಯಾರ ಒಳಗ?" ಮುದುಕಿ ನಕ್ಕಳು. "ಬಿಲ್ಡಿಂಗಿಗೆ ಬಣ್ಣ ಹಚ್ಚೂದರಾಗ ನಾವು ಮುಂದಿನ ಸೈಟಿಗೆ ಹೋಗಿರ್ತಿದ್ವಿ. ಅಲ್ಲಿ ದೀಪ ಯಾರು ಹಚ್ಚಿದ್ರೋ, ಯಾರು ನೋಡ್ಯಾರ? ಸೊಂಟ ನೋಯ್ತಿತ್ತು ತಂಗಿ. ಸ್ಲ್ಯಾಬ್ ಯಾವಾಗ ಮುಗದೀತು, ಯಾವಾಗ ಕಾಲು ಚಾಚೇನು, ಅದೊಂದ ಧ್ಯಾನ. ನಿಮ್ಮಜ್ಜ ಚಾದಂಗಡಿ ಕಡೆ ಹೋದ್ರ ನನಗೂ ಒಂದು ಕಪ್ಪು ತಂದಾನೋ ಇಲ್ಲೋ ಅಂತ ಇನ್ನೊಂದು."

ಇಪ್ಪತ್ತು ಪುಟ ಬರೆದವಳು ಈ ಒಂದು ಮಾತನ್ನು ಅಜ್ಜಿಯ ಹತ್ತಿರ ಇಷ್ಟು ದಿನ ಕೇಳಿಯೇ ಇರಲಿಲ್ಲ.

ಮೊಮ್ಮಗಳ ಬಾಡಿದ ಮುಖ ಮುದುಕಿಗೆ ನೋಡಲಾಗಲಿಲ್ಲ. ಸೊಪ್ಪಿನ ಪುಟ್ಟಿ ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಫೋನ್ ತಗಿ. ಒತ್ತು ಅದನ್ನ. ನಾ ಹಾಡ್ತೀನಿ. ಏಣಿ ಮ್ಯಾಲ ನನ್ನ ಸಾಲು ಉಳದ ಹೆಂಗಸರು ತುಂಬಿಲ್ಲೇನ, ಅವರದು ನಾ ತುಂಬಿಲ್ಲೇನ? ಇದರಾಗ ಕಳವೇನ ಬಂತು? ನನ್ನ ಬಾಯಿಂದ ಬಂತಂದ್ರ ಅದು ನಂದ. ನಿಮ್ಮ ಮೇಡಂ ಬೇಕಾದ್ರ ಇಲ್ಲೇ ಬಂದು ಕೇಳ್ಲಿ." ಗಂಟಲು ಸರಿಮಾಡಿಕೊಂಡು, ಮೊದಲ ಸಾಲನ್ನು ಎತ್ತಿಯೇಬಿಟ್ಟಳು.

ಒಡೆದ ದನಿ. ಆದರೆ ಸಾಲು ಅಲ್ಲೇ ಹುಟ್ಟಿದ್ದೇನೋ ಎಂಬಂತೆ ಕೂತುಬಿಟ್ಟಿತು. ಪಕ್ಕದ ಖೋಲಿಯವರು ಟಿ.ವಿ.ಯ ಸದ್ದು ಕಡಿಮೆ ಮಾಡಿದರು. ಶಿವಕುಮಾರಿಯ ಹೆಬ್ಬೆರಳು ಫೋನಿನ ಕೆಂಪು ಗುಂಡಿಯ ಮೇಲೆ ಬಂದು ನಿಂತಿತ್ತು. ಒತ್ತಿದರೆ ಸಾಕು, ಇವತ್ತು ಮಲಗಬಹುದು.

ಅವಳು ಫೋನು ತಿರುವಿ ನೆಲದ ಮೇಲಿಟ್ಟಳು.

"ಬ್ಯಾಡ ಆಯಿ, ನಿಲ್ಸು. ನೀ ಅನ್ನದ ಇದ್ದದ್ದನ್ನ ನಿನ್ನ ಬಾಯಾಗ ಒಮ್ಮೆ ತುರುಕಿದ್ದು ಸಾಕು, ಎರಡನೇ ಸಲ ಬ್ಯಾಡ. ಸೊಂಟ ನೋಯ್ತಿತ್ತು ಅಂದ್ಯಲ್ಲ, ಅದನ್ನ ಬರೀತೀನಿ. ಸೋಮವಾರಕ್ಕ ಮುಗೀಲಿಕ್ಕಿಲ್ಲ. ಮುಗೀದಿದ್ರ ಮುಂದಿನ ವರ್ಷ ಕೊಡ್ತೀನಿ. ನೀ ನನ್ನ ಸಲುವಾಗಿ ಏನೂ ಮಾಡಬ್ಯಾಡ."