ನಾಲ್ಕು ಬೆರಳು ಕಮ್ಮಿ

ಮನುಷ್ಯನಿಗೆ ಅವನ ದೇಹಕ್ಕಿಂತ ನಂಬಿಕಸ್ಥ ಸಂಗಾತಿ ಇನ್ನೊಂದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಆ ತಿಳಿದವರಿಗೆ ಯಾರೂ ಬಯಾಪ್ಸಿ ಮಾಡಿಲ್ಲವೆಂದು ಕಾಣುತ್ತದೆ.

ನನ್ನ ಎಡಗಡೆಯ ಎದೆಯಲ್ಲಿದ್ದ ಗಂಟು ಕಡಲೆಕಾಳಿನಷ್ಟಿತ್ತು. ನೋವಿರಲಿಲ್ಲ. ನೋಯದೇ ಇರುವುದರ ಮೇಲೆ ದೂರು ಹೇಳುವುದು ಹೇಗೆ ಎಂದು ಎರಡು ತಿಂಗಳು ಸುಮ್ಮನಿದ್ದೆ. ಆಮೇಲೆ ಚುರದ ಘಾಟಿಯ ಒಂಬತ್ತು ತಿರುವು ಇಳಿದು ಕೋಯಿಕ್ಕೋಡಿನ ಆಸ್ಪತ್ರೆ. ಆಪರೇಶನ್. ರೇಡಿಯೇಶನ್. ಎಲ್ಲ ಮುಗಿಯಿತು ಎಂದುಕೊಂಡ ದಿನ ಡಾಕ್ಟರು ಒಂದು ಹಳದಿ ಮಾತ್ರೆ ಬರೆದರು. ಲೆಟ್ರೊಜೋಲ್. ದಿನಕ್ಕೊಂದು, ಐದು ವರ್ಷ.

ನನ್ನದು ಹಾರ್ಮೋನ್ ಉಂಡು ಬೆಳೆಯುವ ಜಾತಿಯ ಗಂಟಂತೆ. ಮುಟ್ಟು ನಿಂತು ಏಳು ವರ್ಷವಾಯಿತಲ್ಲ, ಹಾರ್ಮೋನ್ ಎಲ್ಲಿಂದ ಬಂತು ಎಂದು ಕೇಳಿದೆ. ಅಂಡಾಶಯ ನಿಂತರೂ ಮೈಯ ಕೊಬ್ಬು ಸ್ವಲ್ಪ ಸ್ವಲ್ಪ ತಯಾರಿಸುತ್ತಲೇ ಇರುತ್ತದೆ, ಈ ಮಾತ್ರೆ ಅದನ್ನು ತಡೆಯುತ್ತದೆ ಎಂದರು. ಅಂದರೆ ಮುಚ್ಚಿಹೋಯಿತು ಎಂದು ನಾನು ನೆಮ್ಮದಿಯಾಗಿದ್ದ ಕಚೇರಿ, ಸೊಂಟದ ಸುತ್ತ ಶಾಖೆ ತೆರೆದು, ನನಗೊಂದು ಮಾತೂ ತಿಳಿಸದೆ ಏಳು ವರ್ಷ ದುಡಿದಿತ್ತು. ನಾನೇ ಅನ್ನ ಹಾಕಿ ಸಾಕಿದ ಸೊಂಟ.

ಗಡಿಯಾಚೆ ಬತ್ತೇರಿಯಲ್ಲಿ ನಮ್ಮದು ಹೂವಿನ ಅಂಗಡಿ. ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸಿಗೆ ಹೂವು ಬರುತ್ತದೆ. ನನ್ನ ಗಂಡ ಮಾದಪ್ಪ ಮೂಟೆ ಬಿಚ್ಚುತ್ತಾರೆ, ನಾನು ಕಟ್ಟುತ್ತೇನೆ, ನಾನೇ ಅಳೆಯುತ್ತೇನೆ. ಅಳತೆ ಎಂದರೆ ಮೊಳ, ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಇಪ್ಪತ್ತಾರು ವರ್ಷದಿಂದ ನನ್ನ ಮೊಳವೇ ಅಂಗಡಿಯ ಮೊಳ.

ಮಾತ್ರೆ ಶುರುವಾದ ಮೂರನೇ ತಿಂಗಳಿಗೆ ಬೆರಳು ಬಿಗಿದವು. ಬೆಳಿಗ್ಗೆ ಎದ್ದರೆ ಎರಡೂ ಕೈ ಏನನ್ನೋ ಬಿಗಿಯಾಗಿ ಹಿಡಿದುಕೊಂಡ ಹಾಗೆ; ಕಷ್ಟಪಟ್ಟು ಬಿಡಿಸಿ ನೋಡಿದರೆ ಒಳಗೆ ಏನೂ ಇಲ್ಲ. ಮುಟ್ಟು ನಿಂತಾಗ ಬಂದು ಹೋಗಿದ್ದ ಮೈಬಿಸಿಯೂ, ಬಿಟ್ಟುಹೋದ ಕೊಡೆ ಕೇಳಿಕೊಂಡು ಬಂದ ನೆಂಟನಂತೆ ತಿರುಗಿ ಬಂತು. ಹೂವು ಕಟ್ಟುವುದು ನಿಧಾನವಾಯಿತು. ಅಳೆಯುವುದನ್ನು ಮಾತ್ರ ಬಿಡಲಿಲ್ಲ.

ಓಣಂ ಕಳೆದ ವಾರ ಲೀಲಾ ಟೀಚರಿಗೆ ಎರಡು ಮೊಳ ಮಲ್ಲಿಗೆ ಅಳೆದುಕೊಟ್ಟು ಚಹಾಕ್ಕೆ ಹೋದೆ. ಅಂಗಡಿ ಇಟ್ಟಾಗಿನಿಂದ ನನ್ನ ಹತ್ತಿರವೇ ಹೂವು ಕೊಳ್ಳುವವರು ಅವರು. ಚಹಾದಂಗಡಿಯಲ್ಲಿ ಹಾಲು ಮುಗಿದಿತ್ತು, ಬೇಗ ವಾಪಸು ಬಂದೆ. ರಸ್ತೆಯ ಮೂಲೆಯಲ್ಲಿ ನನ್ನ ಗಂಡ ಬಾಳೆಲೆಯಲ್ಲಿ ಸುತ್ತಿದ ಒಂದು ತುಂಡು ಮಲ್ಲಿಗೆಯನ್ನು ಟೀಚರ ಕೈಗೆ ಕೊಡುತ್ತಿದ್ದರು. ಟೀಚರು ನನ್ನನ್ನು ಕಂಡು, "ಸಾರಮಿಲ್ಲ ಚೇಚಿ" ಎಂದು, ಪರವಾಗಿಲ್ಲ ಬಿಡಿ ಅಕ್ಕ ಎನ್ನುವ ಹಾಗೆ ಕೈಯಾಡಿಸಿ ಹೊರಟುಹೋದರು.

"ಏನ್ರೀ ಅದು?"

"ಕೊಸರು."

"ಕೊಸರು ಅಂಗಡೀಲಿ ಕೊಡ್ತಾರೆ. ಮೂಲೇಲಿ ನಿಂತು ಕೊಡ್ತಾರಾ?"

ಹೆಗಲ ಮೇಲಿನ ಟವೆಲನ್ನು ಅವರು ಬಹಳ ಹೊತ್ತು ಸರಿಮಾಡಿಕೊಂಡರು. "ನಿನ್ ಬೆರಳು ನೆಟ್ಟಗಾಗಲ್ಲ ಕಣೆ. ಮೊಳ ನಾಲ್ಕು ಬೆರಳು ಕಮ್ಮಿ ಬತ್ತದೆ."

ಟೀಚರು ಹಿಂದೊಮ್ಮೆ ಮನೆಯಲ್ಲಿ ತಮ್ಮ ಕೈಗೆ ಹಿಡಿದು ಅಳೆದು ನೋಡಿದ್ದರಂತೆ. ಚೇಚಿಗೆ ಹೇಳಬೇಡಿ ಎಂದು ಇವರಿಗೆ ಹೇಳಿದ್ದರಂತೆ. ಅಂದಿನಿಂದ ಖಾಯಂ ಗಿರಾಕಿಗಳಿಗೆಲ್ಲ ಇವರು ಮೂಲೆಯಲ್ಲಿ ನಿಂತು ನನ್ನ ಮೊಳವನ್ನು ತುಂಬಿಕೊಡುತ್ತಿದ್ದರು. ಅಕ್ಕಪಕ್ಕದ ಅಂಗಡಿಯವರಿಗೂ ಗೊತ್ತು.

ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಕ್ಯಾನ್ಸರ್ ಎಂದಾಗ ಅತ್ತಿರಲಿಲ್ಲ. ಅವತ್ತು ಅತ್ತೆ. ಕಾಯಿಲೆ ಬಂದವಳನ್ನು ಜನ ಪಾಪ ಅನ್ನುತ್ತಾರೆ, ಅದನ್ನು ತಡೆದುಕೊಳ್ಳಬಹುದು. ಇಪ್ಪತ್ತಾರು ವರ್ಷದ ಅಳತೆಯನ್ನೇ ಪಾಪ ಅಂದುಬಿಟ್ಟರೆ?

ಮಾರನೇ ದಿನದಿಂದ ಮಾತ್ರೆ ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ, ಎಲ್ಲರೂ ಮುಚ್ಚಿಡುವಾಗ ನಾನೊಬ್ಬಳೇ ಯಾಕೆ ಹಿಂದೆ ಬೀಳಲಿ. ಊಟವಾದ ಮೇಲೆ ಇವರು ನೀರು ತಂದುಕೊಡುತ್ತಿದ್ದರು. ಮಾತ್ರೆಯನ್ನು ಕೆನ್ನೆಯ ಸಂದಿಯಲ್ಲಿಟ್ಟು, ನೀರು ಕುಡಿದು, ಹಿತ್ತಿಲಿಗೆ ಹೋಗಿ ಉಗಿದು ಬರುತ್ತಿದ್ದೆ. ಏಳನೇ ವಾರಕ್ಕೆ ಬೆರಳು ಬಿಚ್ಚಿದವು. ಗಿರಾಕಿಗಳ ಮುಂದೆ ಕೈಯನ್ನು ಧ್ವಜಸ್ತಂಭದ ಹಾಗೆ ಚಾಚಿ ಅಳೆದೆ. ಮೂಲೆಯ ಕೊಸರು ನಿಂತಿತು.

ಚೆಕಪ್ಪಿಗೆ ಹೋದಾಗ, ಮಾತ್ರೆ ಯಾವತ್ತಾದರೂ ತಪ್ಪಿದೆಯಾ ಎಂದು ಡಾಕ್ಟರು ನನ್ನನ್ನು ಕೇಳಿದರು. ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಉತ್ತರ ಕೊಟ್ಟವರು ಇವರು.

"ಒಂದಿನಾನೂ ತಪ್ಪಿಲ್ಲ ಡಾಕ್ಟ್ರೆ. ನಾನೇ ನೀರು ಕೊಡ್ತೀನಿ."

ಅಷ್ಟು ಹೆಮ್ಮೆಯಿಂದ ಅವರು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಹೇಳಿಬಿಟ್ಟೆ.

ಡಾಕ್ಟರು ಬೈಯಲಿಲ್ಲ, ಪೆನ್ನು ಕೆಳಗಿಟ್ಟರು. ಗಂಟು ಮತ್ತೆ ಬರದ ಹಾಗೆ ಕಾಯಲು ನಾವು ಕೂರಿಸಿದ್ದು ಈ ಮಾತ್ರೆಯನ್ನೇ ಎಂದರು. ಬೆರಳು ಬಿಗಿಯುವುದು ಎಷ್ಟೋ ಹೆಂಗಸರಿಗೆ ಆಗುತ್ತದೆ, ಹೇಳಿದ್ದರೆ ಮಾತ್ರೆ ಬದಲಾಯಿಸುತ್ತಿದ್ದೆ ಎಂದರು. ಎಷ್ಟೋ ಹೆಂಗಸರಿಗೆ ಆಗುವುದನ್ನು ಅವರೂ ನನಗೆ ಮೊದಲೇ ಹೇಳಿರಲಿಲ್ಲ. ಆದರೆ ಅವತ್ತು ಅದನ್ನು ಎತ್ತುವ ಮುಖ ನನಗಿರಲಿಲ್ಲ.

ವಾಪಸು ಬರುವಾಗ ಬಸ್ಸು ಚುರ ಹತ್ತುತ್ತಿತ್ತು. ಇವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಅರ್ಧ ದಾರಿಯಲ್ಲಿ ಒಂದೇ ಮಾತು.

"ನಾನು ಮುಚ್ಚಿಟ್ಟಿದ್ದು ಹೂವಿನ ವಿಷ್ಯ ಕಣೆ."

ಬೇರೆ ಮಾತ್ರೆ ಶುರುವಾಗಿ ಹತ್ತು ತಿಂಗಳಾಯಿತು. ಬೆರಳು ಈಗಲೂ ನೋಯುತ್ತವೆ, ಮೊದಲಿನಷ್ಟಲ್ಲ. ಬೆಳಿಗ್ಗೆ ಇವರು ಅಳೆಯುತ್ತಾರೆ, ಹತ್ತು ಗಂಟೆಗೆ ಬೆರಳು ಸಡಿಲವಾದ ಮೇಲೆ ನಾನು. ಮಾತ್ರೆ ನುಂಗಿದ ಮೇಲೆ ಇವರು ಬಾಯಿ ತೆರೆಸಿ ನೋಡುತ್ತಾರೆ. ಸಿಟ್ಟು ಬರುತ್ತದೆ. ತೆರೆಯುತ್ತೇನೆ. ಕಳೆದ ತಿಂಗಳ ಮ್ಯಾಮೊಗ್ರಾಂನಲ್ಲಿ ಏನೂ ಕಾಣಿಸಲಿಲ್ಲ.