ಅರಿಶಿನ ಬಟ್ಟೆಯೊಳಗಿನ ಪೆನ್ನಿ

ದೆವ್ವ, ಶಕುನ, ಕೆಟ್ಟ ದೃಷ್ಟಿ ಇವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಕೆಣಕದೆ ಬಿಟ್ಟವನೂ ಅಲ್ಲ. ಬೆಕ್ಕು ಅಡ್ಡ ಬಂತೆಂದು ಹೆಂಡತಿ ಬಾಗಿಲಿಂದ ಹಿಂದಿರುಗಿದರೆ, ಪಾಪ, ಆ ಬೆಕ್ಕಿಗೆ ಏನು ಕಾದಿದೆಯೋ ಎನ್ನುತ್ತಿದ್ದೆ. ಈಗ ಹಾಗೆ ಹೇಳುವ ಧೈರ್ಯವಿಲ್ಲ. ನಾಲ್ಕು ವರ್ಷದ ಹಿಂದೆ, ಒಂದು ಭಾನುವಾರದಿಂದ ಗುರುವಾರದವರೆಗೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ನನ್ನದೊಂದು ಕಳ್ಳತನವೂ ಇದೆ. ಅದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಹೇಳಲು ಬರುವುದಿಲ್ಲ.

ನಮ್ಮದು ಹಿಂದೂಪುರ. ನೇಯ್ಗೆಯ ಮನೆತನ. ಮಗ್ಗ ನನ್ನ ಕಾಲಕ್ಕೆ ನಿಂತಿತು, ನಾನು ರೇಷ್ಮೆ ಸೀರೆಗಳಿಗೆ ಪಾಲಿಶ್ ಹಾಕುವ ಅಂಗಡಿ ಇಟ್ಟುಕೊಂಡೆ. ಅಪ್ಪನಿಂದ ಬಂದದ್ದು ಒಂದು ಮಡಚುವ ಭೂತಗನ್ನಡಿ. ಬಟ್ಟೆಯಲ್ಲಿ ಅಂಗುಲಕ್ಕೆ ಎಷ್ಟು ಎಳೆ ಎಂದು ಅವರು ಅದರಲ್ಲಿ ಎಣಿಸುತ್ತಿದ್ದರು. ನಾನು ಅದರಲ್ಲಿ ಇಂಗ್ಲೆಂಡಿನ ಹಳೇ ಪೆನ್ನಿಗಳನ್ನು ನೋಡುತ್ತೇನೆ. ಪೆನುಕೊಂಡದ ಗುಜರಿಯವನ ಹತ್ತಿರ ತೂಕದ ಲೆಕ್ಕದಲ್ಲಿ ಒಂದಿಷ್ಟು ಕೊಂಡಿದ್ದೆ. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ನಮ್ಮ ಬೆಳ್ಳಿ ರೂಪಾಯಿಯಷ್ಟು ಅಗಲದ ಕಂಚಿನ ಬಿಲ್ಲೆ ಅದು. ಒಂದು ಮುಖದಲ್ಲಿ ರಾಜನೋ ರಾಣಿಯೋ, ಇನ್ನೊಂದರಲ್ಲಿ ತ್ರಿಶೂಲ ಹಿಡಿದು ಸಮುದ್ರದಂಡೆಯಲ್ಲಿ ಕೂತ ಬ್ರಿಟಾನಿಯಾ ಎಂಬ ಹೆಂಗಸು. ನೋಡುವವರಿಗೆ ಎಲ್ಲವೂ ಒಂದೇ. 'ಎಲ್ಲಾ ಒಂದೇ ತರ ಅವೆ, ಡಬ್ಬಿ ತುಂಬ ಯಾಕೆ?' ಎಂದು ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಒಂದೇ ತರ ಇರುವುದಿಲ್ಲ, ನಮ್ಮಂಥವರ ಸುಖವೆಲ್ಲ ಅದರಲ್ಲೇ ಇದೆ. ಒಂದೇ ವರ್ಷದ ಎರಡು ಪೆನ್ನಿಗಳಲ್ಲಿ ಒಂದರ ಅಂಚಿಗೆ ಮಣಿಗಳಿದ್ದರೆ ಇನ್ನೊಂದಕ್ಕೆ ಹಲ್ಲುಗಳಿರುತ್ತವೆ. ಇಸವಿಯ ಪಕ್ಕ ಸಾಸಿವೆಯಷ್ಟು ಒಂದು ಅಕ್ಷರ ಇದ್ದರೆ ಅದನ್ನು ಬೇರೆ ಟಂಕಸಾಲೆಯಲ್ಲಿ ಅಚ್ಚು ಹಾಕಿದ್ದೆಂದು ಅರ್ಥ. ೧೯೦೨ರ ಪೆನ್ನಿಯಲ್ಲಿ ಹುಡುಕಬೇಕಾದದ್ದು ಸಮುದ್ರವನ್ನು. ಸಾಮಾನ್ಯವಾದದ್ದರಲ್ಲಿ ಆ ಹೆಂಗಸಿನ ಹಿಂದಿನ ನೀರಿನ ಗೆರೆ ತುಸು ಮೇಲಿರುತ್ತದೆ. ಅಪರೂಪದ್ದರಲ್ಲಿ ಅದು ಕೆಳಗಿಳಿದು, ಆಕೆಯ ಕಾಲುಗಳು ಒಂದನ್ನೊಂದು ದಾಟುವ ಜಾಗಕ್ಕೆ ಬಂದು ಸೇರುತ್ತದೆ. ಅದನ್ನು ಲೋ ಟೈಡ್ ಅನ್ನುತ್ತಾರೆ, ಇಳಿತದ ಪೆನ್ನಿ. ನನ್ನ ಹತ್ತಿರ ೧೯೦೨ರವು ಏಳಿದ್ದವು, ಏಳೂ ಸಾಮಾನ್ಯ.

ಆಗ ನನ್ನ ಮಗಳು ಸುಜಾತ ಕೂಸಿನೊಂದಿಗೆ ನಮ್ಮ ಮನೆಯಲ್ಲೇ ಇದ್ದಳು. ಅಳಿಯ ಮಹೇಶ ಸರಕು ಹಡಗಿನಲ್ಲಿ ಫಿಟ್ಟರ್. ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಮೇಲೇ ಅವನ ಬದುಕು. ಬೆಳಿಗ್ಗೆ ಅವನಿಂದ ಒಂದು ಮೆಸೇಜು ಬಂದ ಮೇಲೇ ನಮ್ಮ ಮನೆಯಲ್ಲಿ ಕಾಫಿಗೆ ರುಚಿ.

ಕಲ್ಯಾಣದುರ್ಗದ ಒಬ್ಬ ಗಿರಾಕಿ ನನ್ನ ಮೇಜಿನ ಮೇಲೆ ಪೆನ್ನಿಗಳನ್ನು ಕಂಡು, ಇಂಥದ್ದೊಂದು ತನ್ನ ಸೋದರತ್ತೆಯ ಮನೆಯ ದೇವರ ಗೂಡಿನಲ್ಲಿದೆ ಎಂದ. ಆ ಭಾನುವಾರವೇ ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ಹೋದೆ. ಹೋಲಿಸಿ ನೋಡಲು ಬೇಕಾಗಬಹುದೆಂದು ಬೇರೆ ಬೇರೆ ಇಸವಿಯ ನಾಲ್ಕೈದು ಸಾಮಾನ್ಯ ಪೆನ್ನಿಗಳು ಚೀಲದಲ್ಲಿದ್ದವು.

ಆ ಸೋದರತ್ತೆಯ ಹೆಸರು ಹನುಮಕ್ಕ. ಎಪ್ಪತ್ತು ದಾಟಿದ, ಬೇಸಾಯದ ಮನೆಯ ಗಟ್ಟಿ ಹೆಂಗಸು. ಕಡಲೆಕಾಯಿ ಸುಲಿಯುತ್ತಿದ್ದವಳು ಕೈ ಒರೆಸಿಕೊಂಡು ಗೂಡಿನಿಂದ ಒಂದು ಅರಿಶಿನ ಬಟ್ಟೆಯ ಗಂಟು ತಂದಳು. ಅದು ಮುಡುಪು, ದೇವರಿಗೆ ಹರಕೆ ಕಟ್ಟಿಟ್ಟದ್ದು. ಅವಳ ಗಂಡನ ತಾತನಿಗೆ ಓಬಣ್ಣ ಎಂಬ ತಮ್ಮನಿದ್ದನಂತೆ. ಹಡಗಿನ ಕೂಲಿಗೆ ಹೋಗಿ, ಒಂದು ಸಲ ಬಂದು, ತಾಯಿಯ ಕೈಗೆ ಈ ಕಾಸು ಕೊಟ್ಟು ಮತ್ತೆ ಹೋದವನು ತಿರುಗಿ ಬರಲಿಲ್ಲ. ಮಗ ಬಂದು ತಾನೇ ಬಿಚ್ಚಲಿ ಎಂದು ತಾಯಿ ಗಂಟು ಹಾಕಿದಳು. ಅಲ್ಲಿಂದ ಅದು ಅತ್ತೆಯಿಂದ ಸೊಸೆಗೆ ಬರುತ್ತಾ ಇದೆ.

'ಯುಗಾದಿಗೆ ಒಂದ್ಸಲ ಬಟ್ಟೆ ಬದಲಾಯಿಸ್ತೀವಿ ಕಣಪ್ಪ. ಕಣ್ ಮುಚ್ಕಂಡೇ ಕಟ್ಬೇಕು' ಎಂದಳು. 'ನೀನು ಮ್ಯಾಲಿಂದ ಮುಟ್ಟಿ ನೋಡ್ಕೊ. ಬಿಚ್ಚೋದ್ ಮಾತ್ರ ವದ್ದು ನಾಯನಾ, ಬ್ಯಾಡ. ಕೂತಿರು, ಮಜ್ಜಿಗೆ ತತ್ತೀನಿ.'

ಅವಳು ಒಳಗೆ ಹೋದಳು. ನಾನು ಬಿಚ್ಚಿದೆ.

ಗಡ್ಡದ ರಾಜ, ೧೯೦೨. ತಿರುಗಿಸಿ ಭೂತಗನ್ನಡಿ ಹಿಡಿದೆ. ಗೆರೆ ಕೆಳಗಿತ್ತು. ಎರಡು ಸಲ ನೋಡಿದೆ, ನನ್ನ ೧೯೦೨ರದನ್ನು ಪಕ್ಕದಲ್ಲಿಟ್ಟು ಮೂರನೇ ಸಲ ನೋಡಿದೆ. ಹದಿನಾಲ್ಕು ವರ್ಷ ಹುಡುಕಿದ ಇಳಿತದ ಪೆನ್ನಿ ಅರಿಶಿನ ಬಳಿದುಕೊಂಡು ನನ್ನ ಅಂಗೈಯಲ್ಲಿತ್ತು. ಆಮೇಲೆ ನಾನು ಮಾಡಿದ್ದನ್ನು ನಾಣ್ಯದ ಹುಚ್ಚಿರುವವನು ಮಾತ್ರ ಮಾಡಬಲ್ಲ. ಅದೇ ರಾಜ, ಅದೇ ಇಸವಿ, ಇವಳಿಗೆ ವ್ಯತ್ಯಾಸವೇನು ಗೊತ್ತಾಗುತ್ತದೆ, ಹೇಗೂ ಕಣ್ಣು ಮುಚ್ಚಿಕೊಂಡೇ ಕಟ್ಟುವವಳು ಎಂದುಕೊಂಡು ನನ್ನ ಸಾಮಾನ್ಯ ಪೆನ್ನಿಯನ್ನು ಆ ಬಟ್ಟೆಯಲ್ಲಿ ಕಟ್ಟಿದೆ. ಅವಳದ್ದನ್ನು ಜೇಬಿಗಿಳಿಸಿದೆ. ಮಜ್ಜಿಗೆ ಕುಡಿದು, ಚೆನ್ನಾಗಿದೆಯಮ್ಮಾ ಎಂದು ಹೇಳಿ ಬಂದೆ.

ಸಂಜೆ ಮನೆಯಲ್ಲಿ ದೀಪದ ಕೆಳಗೆ ಫೋಟೋ ತೆಗೆದು ನಮ್ಮ ನಾಣ್ಯದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದು ಜನ ಒಪ್ಪಿದರು. ಲೋ ಟೈಡ್, ಅನುಮಾನವೇ ಇಲ್ಲ, ಕಂಗ್ರಾಟ್ಸ್. ಚಿಲಮತ್ತೂರಿನ ಮೇಷ್ಟ್ರೊಬ್ಬರಂತೂ ಹೊಟ್ಟೆಕಿಚ್ಚಿನಿಂದ ಎರಡು ಸಲ ಬರೆದರು. ಎಲ್ಲಿ ಸಿಕ್ಕಿತು ಎಂಬ ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡಲಿಲ್ಲ.

ಸೋಮವಾರ ಅಂಗಡಿಗೆ ಹೊರಡುವ ಮುಂಚೆ ಆಸೆ ತಡೆಯದೆ ಇನ್ನೊಮ್ಮೆ ನೋಡಿದೆ. ಗೆರೆ ಮೇಲಿತ್ತು, ನನ್ನ ಉಳಿದ ಆರು ಪೆನ್ನಿಗಳಲ್ಲಿರುವ ಹಾಗೆಯೇ. ಅವಸರದಲ್ಲಿ ಅದಲುಬದಲಾಗಿ ನನ್ನದನ್ನೇ ವಾಪಸು ತಂದೆನೇನೋ ಎಂದು ಹಣೆ ಚಚ್ಚಿಕೊಂಡೆ. ಆದರೆ ಅಕ್ಷರಗಳ ಸಂದಿಯಲ್ಲಿ ಅರಿಶಿನವಿತ್ತು. ಅಲ್ಲದೆ ನಿನ್ನೆ ಸಂಜೆ ಐದು ಜನ ನೋಡಿದ್ದು ಯಾವುದನ್ನು?

ಮಂಗಳವಾರ ನೋಡಲಿಲ್ಲ, ಮನಸ್ಸು ಬರಲಿಲ್ಲ. ಬುಧವಾರ ಬೆಳಿಗ್ಗೆ ಮಹೇಶನ ಮೆಸೇಜು ಬರಲಿಲ್ಲ. ಸಿಗ್ನಲ್ ಇರುವುದಿಲ್ಲ ಬಿಡು, ಎಂದು ಸುಜಾತಳಿಗೆ ನಾನೇ ಹೇಳಿದೆ. ಮಧ್ಯಾಹ್ನವಾದರೂ ಬರಲಿಲ್ಲ. ಅವಳು ಫೋನು ಹಿಡಿದು ಜಗಲಿಯಲ್ಲಿ ಕೂತಿದ್ದಳು, ಕೂಸಿಗೆ ಹಾಲು ಕುಡಿಸುವುದನ್ನೂ ಮರೆತು. ನಾನು ಕೋಣೆಗೆ ಹೋಗಿ, ಯಾಕೆಂದು ಕೇಳಬೇಡಿ, ಡಬ್ಬಿ ತೆಗೆದೆ.

ನೀರು ಬ್ರಿಟಾನಿಯಾಳ ಸೊಂಟಕ್ಕೆ ಬಂದಿತ್ತು.

ಅಂಥ ಪೆನ್ನಿ ಇಲ್ಲ. ಯಾವ ಪಟ್ಟಿಯಲ್ಲೂ ಇಲ್ಲ, ಯಾರ ಹತ್ತಿರವೂ ಇಲ್ಲ. ಕಿಟಕಿಯ ಹತ್ತಿರ ಹೋಗಿ ಬಿಸಿಲಿನಲ್ಲಿ ಹಿಡಿದೆ. ಗೆರೆ ಸೊಂಟದ ಹತ್ತಿರವೇ ಇತ್ತು, ತೆಳ್ಳಗೆ, ನೇರವಾಗಿ, ಅಚ್ಚಿನಲ್ಲೇ ಹುಟ್ಟಿದ ಹಾಗೆ. ಭಾನುವಾರದ ಫೋಟೋ ಜ್ಞಾಪಕವಾಯಿತು. ಅದಾದರೂ ಸತ್ಯ ಹೇಳುತ್ತದಲ್ಲ ಎಂದು ಮೊಬೈಲು ತೆರೆದು ದೊಡ್ಡದು ಮಾಡಿದೆ. ಫೋಟೋದಲ್ಲೂ ನೀರು ಸೊಂಟಕ್ಕೆ ಬಂದಿತ್ತು. ಅದರ ಕೆಳಗೆ ಐದು ಜನರ ಕಂಗ್ರಾಟ್ಸ್ ಹಾಗೆಯೇ ಇತ್ತು.

ಮಂಚದ ಮೇಲೆ ಕೂತು ಚಿಲಮತ್ತೂರಿನ ಮೇಷ್ಟ್ರಿಗೆ, ಆ ಫೋಟೋ ಇನ್ನೊಮ್ಮೆ ನೋಡಿ, ನೀರಿನ ಗೆರೆ ಎಲ್ಲಿದೆ ಹೇಳಿ ಎಂದು ಬರೆದೆ. 'ಕಾಲಿನ ಹತ್ರ. ಎಷ್ಟು ಸಲ ಉರಿಸ್ತೀರಿ ಸಾರ್' ಎಂದು ಉತ್ತರ ಬಂತು. ಅಂದರೆ ನನಗೊಬ್ಬನಿಗೇ ಹಾಗೆ ಕಾಣುತ್ತಿತ್ತು. ಕಣ್ಣಿನ ದೋಷವೆಂದುಕೊಳ್ಳಲು ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅದೂ ಇರಬಹುದು ಎಂದುಕೊಂಡೆ. ಹೊರಗೆ ಸುಜಾತ ಹಡಗಿನ ಕಚೇರಿಗೆ ಫೋನು ಮಾಡಿ, ಇವರು ಏನೂ ಹೇಳುತ್ತಿಲ್ಲ ಎಂದು ಅಳಲು ಶುರು ಮಾಡಿದಳು. ನಾನು ಅವಳ ತಂದೆ. ಎದ್ದು ಹೋಗಿ ಸಮಾಧಾನ ಹೇಳಲು ನನಗೆ ಮುಖವಿರಲಿಲ್ಲ.

ಗುರುವಾರ ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಎಲ್ಲಿ ನೋಡಿದರೂ ಒಣ ನೆಲ, ಬಂಡೆ, ಖಾಲಿ ಕೆರೆ. ಹನಿ ನೀರು ಕಾಣದ ಆ ಸೀಮೆಯಲ್ಲಿ ನನಗೆ ಮುಳುಗುತ್ತಿರುವವನ ಹಾಗೆ ಉಸಿರು ಕಟ್ಟುತ್ತಿತ್ತು. ಜೇಬಿನಲ್ಲಿದ್ದ ಪೆನ್ನಿಯನ್ನು ತೆಗೆದು ನೋಡಲಿಲ್ಲ. ನೀರು ಆಕೆಯ ಕುತ್ತಿಗೆಗೆ ಬಂದಿದ್ದರೆ ಏನು ಮಾಡುವುದು ಎಂಬ ಭಯ.

ಹನುಮಕ್ಕ ಬಾಗಿಲಲ್ಲೇ ಇದ್ದಳು. ಪೆನ್ನಿಯನ್ನು ಅವಳ ಮುಂದೆ ಹಿಡಿದು, ಕದ್ದಿದ್ದೆನಮ್ಮಾ, ಗಂಟಿನಲ್ಲಿರುವುದು ನನ್ನದು, ಇದು ನಿಮ್ಮದು ಎಂದೆ. ಅಷ್ಟೇ ಹೇಳಿದ್ದು. ಬೈಯುತ್ತಾಳೆ, ನಾಲ್ಕು ಜನರನ್ನು ಕೂಗುತ್ತಾಳೆ ಎಂದು ಕಾದೆ. ಅವಳು ಥಟ್ಟನೆ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿಕೊಂಡೇ ಕೈ ಚಾಚಿದಳು.

'ನೀರು ಎಲ್ಲೀಗಂಟ ಬಂದಿತ್ತಪ್ಪಾ?' ಎಂದಳು.

ನೀರಿನ ಮಾತನ್ನು ನಾನು ಎತ್ತಿರಲಿಲ್ಲ. ಸೊಂಟದವರೆಗೆ ಎಂದೆ.

'ನಿಮ್ಮೋರು ಯಾರವ್ರೆ ನೀರ್ ಮ್ಯಾಲೆ?'

ಅಳಿಯ ಎಂದೆ. ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಗಂಟು ಬಿಚ್ಚಿ ನನ್ನ ಪೆನ್ನಿಯನ್ನು ಆಚೆ ಇಟ್ಟಳು. ತನ್ನದನ್ನು ಅರಿಶಿನದ ನೀರಿನಲ್ಲಿ ತೊಳೆದು, ಹೊಸ ಬಟ್ಟೆಯಲ್ಲಿ ಮೂರು ಗಂಟು ಹಾಕಿದಳು. ಎಲ್ಲವನ್ನೂ ಕಣ್ಣು ಮುಚ್ಚಿಯೇ ಮಾಡಿದಳು. ಗೂಡಿಗೆ ಇಟ್ಟ ಮೇಲೆ ಕಣ್ಣು ತೆರೆದು ನನ್ನನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

'ಮದ್ವೆ ಆದ ಹೊಸದ್ರಾಗೆ ನಾನೂ ಒಂದ್ಸಲ ಕಣ್ ಬಿಟ್ಟಿದ್ದೆ ಕಣಪ್ಪ. ಏನೋ ಕುತೂಲ' ಎಂದಳು. ಗೂಡಿನ ಕಡೆ ತಿರುಗಿ, 'ಆ ವಾರದಾಗೆ ನನ್ ತಮ್ಮ ಕೆರೇಲಿ ಈಜಾಕ್ ಹೋಗಿದ್ದ' ಎಂದಳು. ಎದ್ದು, ಮಜ್ಜಿಗೆ ತರಲೆಂದು ಒಳಗೆ ಹೋದಳು.

ಹಿಂದಿರುಗುವಾಗ ಪೆನುಕೊಂಡದ ಬಸ್ ನಿಲ್ದಾಣದಲ್ಲಿ ಸುಜಾತಳ ಫೋನು ಬಂತು. ಮಹೇಶ ಮಾತಾಡಿದನಂತೆ, ಚೆನ್ನಾಗಿದ್ದಾನಂತೆ, ಬರೀ ಸಿಗ್ನಲ್ ಇರಲಿಲ್ಲವಂತೆ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಮಗುವಿನ ಹಾಗೆ ಅತ್ತೆ. ಹತ್ತು ನಿಮಿಷದಲ್ಲಿ ಮಹೇಶನೇ ನನಗೆ ಬೇರೆಯಾಗಿ ಫೋನು ಮಾಡಿದ.

'ಸುಜಾತಂಗೆ ಹೇಳ್ಬೇಡಿ ಮಾವ. ಮೊನ್ನೆಯಿಂದ ಇಂಜಿನ್ ರೂಮಿಗೆ ನೀರು ನುಗ್ಗಿತ್ತು. ಪಂಪು ಕೈ ಕೊಟ್ಬುಟ್ಟಿತ್ತು. ಇವತ್ತು ನೀರು ಇಳೀತು' ಎಂದ.

ನಾನು ಕೇಳಬಾರದಿತ್ತು, ಆದರೂ ಕೇಳಿದೆ. ಸೊಂಟದವರೆಗೆ ಬಂದಿತ್ತಾ ಎಂದೆ.

'ಹೂಂ ಮಾವ. ನಿಮ್ಗ್ಯಾರು ಹೇಳಿದ್ರು?'

ಬಸ್ಸು ಬಂತೆಂದು ಹೇಳಿ ಫೋನು ಇಟ್ಟೆ. ವಯಸ್ಸಾದ ಕಣ್ಣು, ತಪ್ಪು ಮಾಡಿದ ಮನಸ್ಸು, ಕಾಕತಾಳೀಯ ಎಂದು ನೀವು ಹೇಳಬಹುದು. ನಾನೂ ಹಗಲು ಹೊತ್ತು ನನಗೆ ಅದನ್ನೇ ಹೇಳಿಕೊಳ್ಳುತ್ತೇನೆ. ಪೆನ್ನಿಗಳ ಡಬ್ಬಿ ಈಗಲೂ ಇದೆ, ಹೊಸವನ್ನು ಕೊಳ್ಳುತ್ತಲೂ ಇದ್ದೇನೆ. ೧೯೦೨ರವನ್ನು ಮಾತ್ರ ಮೇಷ್ಟ್ರಿಗೆ ಕೊಟ್ಟುಬಿಟ್ಟೆ.

ಆ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಅಳಿಸಿದರೆ ಏನಾಗುತ್ತದೋ ಗೊತ್ತಿಲ್ಲವಾದ್ದರಿಂದ ಅಳಿಸಿಲ್ಲ. ಆ ದಿನದಿಂದ ಅದನ್ನು ತೆರೆದೂ ಇಲ್ಲ. ಮಹೇಶ ಕಳೆದ ತಿಂಗಳು ಮತ್ತೆ ಹಡಗು ಹತ್ತಿದ. ಇವತ್ತು ಬೆಳಿಗ್ಗೆ ಅವನ ಮೆಸೇಜು ಇನ್ನೂ ಬಂದಿಲ್ಲ. ಮೊಬೈಲು ನನ್ನ ಮುಂದೆಯೇ ಇದೆ, ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೇನೆ.