ತೊಂಬತ್ತಾರನೆಯ ಪುಟದವರೆಗಿನ ಅಲ್ಪವಿರಾಮಗಳು

ನನ್ನ ಸೋದರಮಾವನಿಗೆ ನಾವು ಮಕ್ಕಳೆಲ್ಲ ಇಟ್ಟಿದ್ದ ಹೆಸರು ‘ಅಲ್ಪವಿರಾಮ’. ಬೆನ್ನ ಹಿಂದೆ ಮಾತ್ರ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದ ಮನುಷ್ಯ. ಮದುವೆಯ ಕರೆಯೋಲೆ ಕೈಗೆ ಬಂದರೂ ದಿನಾಂಕ ನೋಡುವ ಮೊದಲು ತಪ್ಪು ಹುಡುಕುತ್ತಿದ್ದ. ನನ್ನ ಮೊದಲ ಪುಸ್ತಕವನ್ನು ಬಹಳ ಜಂಬದಿಂದ ಕೊಟ್ಟಿದ್ದೆ. ನಲವತ್ತೊಂದು ಕೆಂಪು ಗುರುತು ಹಾಕಿ ವಾಪಸು ಕೊಟ್ಟ.

“ಕತೆಗಳು ಹೇಗಿವೆ ಮಾವ?”

“ಕತೆ ನೋಡಲಿಲ್ಲಪ್ಪ.”

ನಿವೃತ್ತನಾದ ಮೇಲೆ ಗ್ರಂಥಾಲಯದ ಮಹಡಿ ಕೋಣೆಯಲ್ಲಿ ಕೆಲಸಕ್ಕೆ ಕೂತ. ಹಳೆಯ ಪುಸ್ತಕಗಳ ಫೋಟೋ ತೆಗೆದು ಕಂಪ್ಯೂಟರಿಗೆ ಓದಿಸುತ್ತಿದ್ದರು. ಅದು ಓದಿ ಮಾಡಿದ ಎಡವಟ್ಟುಗಳನ್ನು ಮಾವ ತಿದ್ದಬೇಕು. ಗೋಡೆಯ ಮೇಲೆ ನಿಯಮಗಳ ಪಟ್ಟಿ ಇತ್ತು. ಮಾವನಿಗೆ ಪ್ರಿಯವಾದದ್ದು ಏಳನೆಯದು: ಓರೆ ಅಕ್ಷರದ ಪದದ ನಂತರ ಬರುವ ಚಿಹ್ನೆ ನೇರವಾಗಿಯೇ ಇರಬೇಕು; ಇಡೀ ವಾಕ್ಯ ಓರೆಯಾಗಿದ್ದರೆ ಮಾತ್ರ ಚಿಹ್ನೆಯೂ ಓರೆ.

“ಪಕ್ಕದ ಮನೆಯವನು ವಾಲಿಕೊಂಡು ನಡೆದ್ರೆ ನಾವೂ ವಾಲಬೇಕಾ?” ಎಂದು ವಿವರಿಸುತ್ತಿದ್ದ. ಅಲ್ಪವಿರಾಮ ವಾಲಿದೆಯೋ ಇಲ್ಲವೋ ತಿಳಿಯಲು ನನಗೆ ಭೂತಗನ್ನಡಿ ಬೇಕು. ಅವನಿಗೆ ಕನ್ನಡಕ ಸಾಕಾಗಿತ್ತು.

ಒಂದು ದಿನ ಅವನ ಅಚ್ಚುಕೂಟದ್ದೇ ಒಂದು ಪ್ರವಾಸಕಥನ ಮೇಜಿಗೆ ಬಂತು. ಮೇಲ್ವಿಚಾರಕಿ ಹುಡುಗಿ ಪುಟ ತಿರುವಿ ಹೇಳಿದಳು: “ಸರ್, ತೊಂಬತ್ತಾರನೇ ಪುಟದವರೆಗೆ ಓರೆ ಪದಗಳ ಪಕ್ಕದ ಅಲ್ಪವಿರಾಮ ಎಲ್ಲ ಓರೆ. ಆಮೇಲೆ ಸರಿಯಾಗಿದೆ. ಯಾರೋ ಸೋಮಾರಿ ಜೋಡಿಸಿರಬೇಕು. ಶನಿವಾರದೊಳಗೆ ತಿದ್ದಿಬಿಡಿ.”

ಮಾವ ಹೂಂ ಎಂದ. ನಾಲ್ಕು ದಿನ ಒಂದನ್ನೂ ಮುಟ್ಟಲಿಲ್ಲ. “ನಿಮಗಾಗದಿದ್ರೆ ಬೇರೆಯವರಿಗೆ ಕೊಡ್ತೀನಿ” ಎಂದಳು ಹುಡುಗಿ. ಆಗ ನನಗೆ ಬುಲಾವ್ ಬಂತು. “ನೀನು ದೊಡ್ಡ ಸಾಹಿತಿಯಲ್ವೇನೋ, ಹಾಗೇ ಬಿಡೋಕೆ ಹೇಳು ಅವಳಿಗೆ.” ಗಂಟಲು ಸರಿಮಾಡಿಕೊಂಡು ಹೋಗಿ ಹೆಸರು ಹೇಳಿದೆ. “ಪ್ರಿಂಟರ್ ರಿಪೇರಿಯವರಾ?” ಎಂದಳು. ಹಿಂದಿರುಗಿ ಬಂದೆ.

ಆಮೇಲೆ ಮಾವ ಬಾಯಿಬಿಟ್ಟ. ಆ ಸೋಮಾರಿ ನಮ್ಮ ಅತ್ತೆ! ಮದುವೆಗೆ ಮುಂಚೆ ಅವಳೂ ಅಲ್ಲೇ ಮೊಳೆ ಜೋಡಿಸುತ್ತಿದ್ದಳು. ನೇರ ಅಕ್ಷರದ ಪೆಟ್ಟಿಗೆ ಮೇಲೆ, ಓರೆಯದು ಕೆಳಗೆ. ನೇರ ಪೆಟ್ಟಿಗೆಯಲ್ಲೂ ಅಲ್ಪವಿರಾಮದ ಗೂಡು ಎಲ್ಲಕ್ಕಿಂತ ಮೇಲಿನ ಮೂಲೆಯಲ್ಲಿ. ಅತ್ತೆಯ ಎತ್ತರವನ್ನು ಐದಡಿ ಎನ್ನುವುದು ನಮ್ಮ ಮರ್ಯಾದೆ. ಅದಕ್ಕಾಗಿ ತುದಿಗಾಲಲ್ಲಿ ಹಾರುವ ಬದಲು ಕೈಗೆಟುಕುವ ಕೆಳಗಿನದನ್ನೇ ಹಾಕಿಬಿಡುತ್ತಿದ್ದಳು. ಮಾವ ಕೂಗಾಡಿದ. “ಅಷ್ಟು ಬೇಕಿದ್ರೆ ನೀವೇ ಎತ್ತಿಕೊಡಿ” ಎಂದಳಂತೆ. ತೊಂಬತ್ತೇಳನೆಯ ಪುಟದಿಂದ ಮಾವ ಅಂಗೈಯಲ್ಲಿ ಅಲ್ಪವಿರಾಮ ಹಿಡಿದು ಅವಳ ಪಕ್ಕ ನಿಂತ. ಇನ್ನೂರಹತ್ತಕ್ಕೆ ಪುಸ್ತಕ ಮುಗಿಯಿತು. ನಿಲ್ಲುವ ಅಭ್ಯಾಸ ಮುಗಿಯಲಿಲ್ಲ.

“ತಿದ್ದಿದ್ರೆ ಮೊದಲಿಂದ ಕೊನೇವರೆಗೂ ಒಂದೇ ಥರ ಆಗತ್ತೆ ಕಣೋ,” ಎಂದ ಮಾವ. “ನಾನು ಅಲ್ಲಿಗೆ ಬಂದಿದ್ದೇ ಗೊತ್ತಾಗಲ್ಲ.”

ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅತ್ತೆಗೆ ಹೇಳಿಬಿಟ್ಟೆ. “ಅಯ್ಯೋ, ಇದಕ್ಕಾ ನಾಲ್ಕು ದಿನದಿಂದ ಮುಖ ಊದಿಸ್ಕೊಂಡಿರೋದು?” ಎಂದವಳೇ ಶನಿವಾರ ಅವನ ಜೊತೆ ಹೊರಟಳು, ಕುರ್ಚಿಗೆ ಹಾಕಲು ದಿಂಬು ಸಮೇತ. “ಬೈಸಿಕೊಂಡವಳು ನಾನು. ನಾನೇ ತಿದ್ತೀನಿ.” ನಾನೂ ಹಿಂದೆಯೇ ಹೋದೆ.

ಮಾವ ಪಕ್ಕದಲ್ಲಿ ನಿಂತು ಒಂದೊಂದನ್ನೇ ಬೆರಳಿಟ್ಟು ತೋರಿಸಿದ. ಅತ್ತೆ ಒಂದೊಂದನ್ನೇ ನೆಟ್ಟಗೆ ಮಾಡಿದಳು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯುವ ಹೊತ್ತಿಗೆ ತೊಂಬತ್ತಾರನೆಯ ಪುಟದ ಕೊನೆಯ ಅಲ್ಪವಿರಾಮ ಉಳಿಯಿತು. ಅತ್ತೆ ಕೈ ತಡೆದಳು.

“ರೀ, ಇದು?”

ಮಾವ ಕನ್ನಡಕ ತೆಗೆದ. ಅಂಗಿಯ ಅಂಚಿನಿಂದ ಒರೆಸಿದ. ಬೆಳಗಿನಿಂದ ಮೂರು ಸಲ ಒರೆಸಿದ್ದನ್ನು ನಾನೇ ನೋಡಿದ್ದೆ. ಬರಿಗಣ್ಣಲ್ಲೇ ಪರದೆಯ ಕಡೆ ತಿರುಗಿ, “ಸರಿಯಿದೆ” ಎಂದ. “ತೊಂಬತ್ತೇಳಕ್ಕೆ ಹೋಗು.”